ಹಾಳೂರು ಹುಡುಕಲು ಹಳೆ ನಕ್ಷೆ: ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಗೊಂದು ಕೈಪಿಡಿ

ಮೆಟಲ್ ಡಿಟೆಕ್ಟರ್ ಕೊಂಡವರ ಮೊದಲ ಪ್ರಶ್ನೆ ಎಲ್ಲ ದೇಶದಲ್ಲೂ ಒಂದೇ: ಎಲ್ಲಿ ಹುಡುಕಬೇಕು? ಇಂಗ್ಲೆಂಡಿನ ಹವ್ಯಾಸಿಗಳು ಉತ್ತರಕ್ಕಾಗಿ ಹಳೆ ನಕ್ಷೆ ಬಿಚ್ಚುತ್ತಾರೆ. ಇವತ್ತು ಹೊಲವಾಗಿರುವ ಕಡೆ ಹಿಂದೆ ಸಂತೆ ಸೇರುತ್ತಿತ್ತೇ, ದಾರಿ ಹಾದಿತ್ತೇ, ಊರಿತ್ತೇ ಎಂದು ನೋಡಿ, ಜಮೀನಿನವರ ಒಪ್ಪಿಗೆ ಪಡೆದು ಹೊರಡುತ್ತಾರೆ. ನಕ್ಷೆ ಓದುವ ಆ ವಿದ್ಯೆ ನಮ್ಮ ಸೀಮೆಗೂ ಚೆನ್ನಾಗಿ ಒಗ್ಗುತ್ತದೆ. ಕಾಗದದಲ್ಲಿ ಹೆಸರಿದ್ದು ನೆಲದ ಮೇಲೆ ಒಂದು ಮನೆಯೂ ಇಲ್ಲದ ಬೇಚರಾಕ್ ಗ್ರಾಮಗಳು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಇವೆ. ಅಗೆಯುವ ಭಾಗ ಮಾತ್ರ ಇಲ್ಲಿಗೆ ಒಗ್ಗುವುದಿಲ್ಲ. ಕಾನೂನು ಅದಕ್ಕೆ ಅವಕಾಶ ಕೊಟ್ಟಿಲ್ಲ, ಕೊಡದಿರುವುದೇ ಸರಿ. ಹಾಗಾಗಿ ಈ ಬರಹ ಹಾಳೂರಿನ ಜಾಗವನ್ನು ಸರ್ವೆ ನಂಬರಿನ ಮಟ್ಟಕ್ಕೆ ಗುರುತಿಸಿ, ನಡೆದು ನೋಡಿ ಖಚಿತಪಡಿಸಿ, ದಾಖಲಿಸುವವರೆಗೆ ಹೋಗುತ್ತದೆ.

ಮೊದಲು ಕಾನೂನು

ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ಇದು 1958ರ ಪುರಾತನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿ. ಬೇಲೂರು, ಹಳೇಬೀಡು, ಬೆಳವಾಡಿ, ಅಮೃತಾಪುರ, ದೊಡ್ಡಗದ್ದವಳ್ಳಿ, ಶ್ರವಣಬೆಳಗೊಳ ಹೀಗೆ ನಮ್ಮಲ್ಲಿ ಊರೂರಿಗೂ ಸ್ಮಾರಕವಿದೆ. ನಕ್ಷೆ ಮೇಲೆ ಇವುಗಳ ಸುತ್ತ 300 ಮೀಟರಿನ ವೃತ್ತ ಎಳೆದಿಟ್ಟುಕೊಂಡೇ ಕೆಲಸ ಶುರು ಮಾಡಿ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆ ಬೇರೆ ಇದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ 100 ವರ್ಷಕ್ಕೂ ಹಳೆಯ ನಾಣ್ಯ, ಶಿಲ್ಪ, ಶಾಸನ, ಲೋಹದ ವಸ್ತು ಪುರಾವಸ್ತುವಿನ ವ್ಯಾಖ್ಯೆಗೆ ಬರುತ್ತವೆ. ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತುಗಳಿಗೆ 1962ರ ಕರ್ನಾಟಕ ನಿಧಿ ಕಾಯ್ದೆ ಅನ್ವಯಿಸುತ್ತದೆ: ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು, ಮುಚ್ಚಿಟ್ಟರೆ ಶಿಕ್ಷೆಯಿದೆ. ‘ನನ್ನದೇ ಜಮೀನು’ ಎಂಬುದು ಇದರಿಂದ ತಪ್ಪಿಸಿಕೊಳ್ಳುವ ದಾರಿಯಲ್ಲ.

ಭದ್ರಾ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನ ಮತ್ತು ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಅಲ್ಲಿನ ಹಾಳೂರುಗಳನ್ನು ಕಾಗದದ ಮೇಲೆ ಗುರುತಿಸಿ ಅಷ್ಟಕ್ಕೇ ನಿಲ್ಲಿಸಿ.

ಇದರ ಹಿಂದಿನ ಕಾರಣ ನಮ್ಮ ಹಳ್ಳಿಗರಿಗೆ ಚೆನ್ನಾಗಿ ಗೊತ್ತು. ನಿಧಿಯಾಸೆಗೆ ಪಾಳು ಗುಡಿಯ ಗರ್ಭಗುಡಿ ಅಗೆದವರು, ಲಿಂಗದ ಪೀಠ ಕಿತ್ತವರು, ವೀರಗಲ್ಲಿನ ಬುಡ ತೋಡಿ ಬೀಳಿಸಿದವರು ಬಿಟ್ಟುಹೋದ ಗುಂಡಿಗಳು ಈ ಸೀಮೆಯಲ್ಲಿ ಇನ್ನೂ ಕಾಣುತ್ತವೆ. ಹಾಳೂರಿನಲ್ಲಿ ಯಾವ ವಸ್ತು ಯಾವ ಪದರದಲ್ಲಿ, ಯಾವುದರ ಪಕ್ಕ ಇತ್ತು ಎಂಬುದೇ ಆ ಊರಿನ ಚರಿತ್ರೆ. ಒಂದು ಗುದ್ದಲಿ ಏಟಿಗೆ ಅದು ಹೋಯಿತೆಂದರೆ ಮತ್ತೆ ಜೋಡಿಸಲು ಬರುವುದಿಲ್ಲ.

ಯಾವ ಊರನ್ನು ಹುಡುಕುವುದು

ನಕ್ಷೆಗೆ ಮೊದಲು ಹೆಸರು ಬೇಕು. ಸುಲಭದ ಮೂಲ ಜಿಲ್ಲಾ ಜನಗಣತಿ ಕೈಪಿಡಿ. ಅದರ ಗ್ರಾಮವಾರು ಪಟ್ಟಿಯಲ್ಲಿ ಜನವಸತಿ ಇಲ್ಲದ ಕಂದಾಯ ಗ್ರಾಮಗಳೂ ಹೆಸರು, ವಿಸ್ತೀರ್ಣ ಸಮೇತ ಇರುತ್ತವೆ. ಜನಸಂಖ್ಯೆಯ ಕಾಲಂ ಖಾಲಿ ಇರುವ ಊರುಗಳನ್ನೆಲ್ಲ ತಾಲ್ಲೂಕುವಾರು ಬರೆದುಕೊಳ್ಳಿ. ಎರಡನೆಯ ಮೂಲ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾ. ಹಳೆಯ ಆವೃತ್ತಿಯ 5ನೇ ಸಂಪುಟ ಹಾಸನ ಜಿಲ್ಲೆಯದು, 6ನೆಯದು ಕಡೂರು ಜಿಲ್ಲೆಯದು. ಪ್ರತಿ ಶಾಸನ ಯಾವ ಊರಿನ ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಇತ್ತು ಎಂದು ಅದರಲ್ಲಿ ನಮೂದಿದೆ. ಶಾಸನದೊಳಗೆ ದತ್ತಿ ಭೂಮಿಯ ಎಲ್ಲೆ ಹೇಳುವಾಗ ಬರುವ ಕೆರೆ, ಹಳ್ಳ, ನೆರೆಯೂರುಗಳ ಹೆಸರು ಇನ್ನೂ ಬೆಲೆಯುಳ್ಳವು. ಅವುಗಳಲ್ಲಿ ಕೆಲವು ಊರು ಇವತ್ತು ಇಲ್ಲ.

ಹುಡುಕುವಾಗ ಹಳೆಯ ಆಡಳಿತದ ಹೆಸರು ತಿಳಿದಿರಬೇಕು. ಮೈಸೂರು ಸಂಸ್ಥಾನದ ಕಾಲದ ನಕ್ಷೆಗಳಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿದರೆ ಏನೂ ಸಿಗದು. ಅದು ಕಡೂರು ಜಿಲ್ಲೆ. ಸಕಲೇಶಪುರ ತಾಲ್ಲೂಕು ಮಂಜರಾಬಾದ್ ಹೆಸರಿನಲ್ಲಿದೆ. ನರಸಿಂಹರಾಜಪುರ ಎಡೇಹಳ್ಳಿಯಾಗಿದೆ. ಇಂಗ್ಲಿಷ್ ಕಾಗುಣಿತವಂತೂ ಸರ್ವೆಯವನ ಕಿವಿಗೆ ಬಿದ್ದ ಹಾಗೆ. ಹಳ್ಳಿ, ಗೆರೆ, ಬಾಳು ಇವೆಲ್ಲ ನಾನಾ ರೂಪದಲ್ಲಿರುತ್ತವೆ. ಹೆಸರನ್ನು ಗಟ್ಟಿಯಾಗಿ ಓದಿ ನೋಡಿ, ಬಹಳ ಸಲ ಕಣ್ಣಿಗೆ ಸಿಗದ ಊರು ಕಿವಿಗೆ ಸಿಗುತ್ತದೆ.

ಊರು ಯಾಕೆ ಹಾಳಾಯಿತು ಎಂಬ ಅಂದಾಜು ಇದ್ದರೆ ಹುಡುಕಾಟ ಅರ್ಧ ಮುಗಿದಂತೆ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯಲ್ಲಿ 1876–78ರ ಧಾತು ಈಶ್ವರ ಬರ ಮತ್ತು ಕೆರೆ ಒಡೆದದ್ದು ಮುಖ್ಯ ಕಾರಣ. 1898ರಲ್ಲಿ ಸಂಸ್ಥಾನಕ್ಕೆ ಕಾಲಿಟ್ಟ ಪ್ಲೇಗಿನ ಹೊಡೆತಕ್ಕೆ ಊರಿಗೆ ಊರೇ ಹೊರಬಿದ್ದು ಗುಡಿಸಲು ಹಾಕಿ, ಕೆಲವು ಕಡೆ ಅಲ್ಲೇ ನೆಲೆನಿಂತಿತು. ಇಂಥಲ್ಲಿ ಹಳೆ ಜಾಗ ಹೊಸ ಊರಿನ ನಡಿಗೆಯ ದೂರದಲ್ಲೇ ಇರುತ್ತದೆ. ಮಲೆನಾಡಿನಲ್ಲಿ ಮಲೇರಿಯಾ. ಜಲಾಶಯದಲ್ಲಿ ಮುಳುಗಿದವು ಬೇರೆ ಜಾತಿ, ಅವುಗಳನ್ನು ಹುಡುಕುವ ಕ್ರಮವೂ ಬೇರೆ.

ಯಾವ ನಕ್ಷೆ, ಎಲ್ಲಿ ಸಿಗುತ್ತದೆ

ಕೆಲಸಕ್ಕೆ ಬರುವ ಮುಖ್ಯ ನಕ್ಷೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಂದರೆ ಊರು, ಬೆಟ್ಟ, ಕೆರೆ, ದಾರಿಗಳನ್ನೆಲ್ಲ ತೋರಿಸುವ ಸ್ಥಳನಕ್ಷೆ. ಹಳೆಯವು ಒಂದಿಂಚಿಗೆ ಒಂದು ಮೈಲಿ, ಅಂದರೆ 1:63,360; ಈಗಿನವು 1:50,000. ಎರಡರಲ್ಲೂ ಒಂದು ಹಾಳೆ ಅಕ್ಷಾಂಶ, ರೇಖಾಂಶಗಳಲ್ಲಿ 15 ಮಿನಿಟಿನ ಚೌಕ. ನಮ್ಮ ಸೀಮೆ 76 ಡಿಗ್ರಿ ರೇಖಾಂಶದ ಎರಡೂ ಬದಿಗೆ ಹರಡಿರುವುದರಿಂದ ಹಾಳೆ ಸಂಖ್ಯೆ 48 ಮತ್ತು 57 ಎರಡರಲ್ಲೂ ಬರುತ್ತದೆ. ಬೇಲೂರು, ಹಳೇಬೀಡು 48 ಒ/16. ಚಿಕ್ಕಮಗಳೂರು ಪಟ್ಟಣ 48 ಒ/15. ಸಕಲೇಶಪುರ 48 ಪಿ/13. ಹಾಸನ 57 ಸಿ/4, ಕಡೂರು 57 ಸಿ/2, ಅರಸೀಕೆರೆ 57 ಸಿ/7. ಹೊಳೆನರಸೀಪುರ 57 ಡಿ/1, ಶ್ರವಣಬೆಳಗೊಳ 57 ಡಿ/5. ಹಳೇಬೀಡು ಹಾಳೆಯ ಬಲ ಅಂಚಿಗೇ ಬೀಳುತ್ತದೆ; ಅದರ ಪೂರ್ವಕ್ಕಿರುವ ಹಾಳೂರು ಬೇಕಾದರೆ ಪಕ್ಕದ 57 ಸಿ/4 ಕೂಡ ಇಟ್ಟುಕೊಳ್ಳಿ.

ಇವತ್ತಿನ 1:50,000 ಹಾಳೆಗಳು ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಪೋರ್ಟಲ್‌ನಲ್ಲಿ ಸಿಗುತ್ತವೆ. 1950ರ ದಶಕದಲ್ಲಿ ಅಮೆರಿಕದ ಸೇನೆ ಮುದ್ರಿಸಿದ 1:250,000 ನಕ್ಷೆಗಳನ್ನು ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಉಚಿತವಾಗಿ ಇಟ್ಟಿದೆ. ಹೇಮಾವತಿ ಅಣೆಕಟ್ಟಿಗೂ ಮುಂಚಿನ ನೋಟ ಅದರಲ್ಲಿದೆ. ಡೇವಿಡ್ ರಮ್ಸಿ ನಕ್ಷೆ ಸಂಗ್ರಹದ ಜಾಲತಾಣದಲ್ಲಿ 18–19ನೇ ಶತಮಾನದ ದಕ್ಷಿಣ ಭಾರತದ ನಕ್ಷೆಗಳನ್ನು ದೊಡ್ಡದು ಮಾಡಿ ನೋಡಬಹುದು. ಶ್ರೀರಂಗಪಟ್ಟಣದ ಪತನದ ನಂತರ ಬ್ರಿಟಿಷ್ ಸರ್ವೆ ಅಧಿಕಾರಿ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯೇ ಆಮೇಲಿನ ಹಲವು ನಕ್ಷೆಗಳ ಬೇರು.

ಟೋಪೋಶೀಟಿನಷ್ಟೇ ಮುಖ್ಯ, ಆದರೆ ಜನ ಮರೆಯುವುದು ಗ್ರಾಮ ನಕ್ಷೆ. 1860ರ ದಶಕದಲ್ಲಿ ಶುರುವಾದ ಕಂದಾಯ ಸರ್ವೆಯ ಕೂಸು ಇದು. ಎಂಟಿಂಚಿಗೆ ಒಂದು ಮೈಲಿ, ಅಂದರೆ 1:7,920. ಭೂದಾಖಲೆ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಪಿಡಿಎಫ್ ಇಳಿಸಿಕೊಳ್ಳಬಹುದು. ಬೇಚರಾಕ್ ಗ್ರಾಮಕ್ಕೂ ಪ್ರತ್ಯೇಕ ಗ್ರಾಮ ನಕ್ಷೆ ಇರುತ್ತದೆ, ಇದೇ ಅದರ ದೊಡ್ಡ ಗುಣ. ಊರು ಸತ್ತು ನೂರು ವರ್ಷವಾದರೂ ಅದರ ಗಡಿ ಕಾಗದದಲ್ಲಿ ಜೀವಂತ.

ಅಳತೆಯ ಅಂದಾಜು ಬಾಯಲ್ಲಿರಲಿ. ಗ್ರಾಮ ನಕ್ಷೆಯಲ್ಲಿ ಒಂದು ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. 1:50,000ದಲ್ಲಿ 50 ಮೀಟರ್, ಹಳೆ ಒಂದಿಂಚಿನದರಲ್ಲಿ 63 ಮೀಟರ್. 1:250,000ದಲ್ಲಿ 250 ಮೀಟರ್. ಕೊನೆಯದರಲ್ಲಿ ಪೆನ್ಸಿಲ್ ಗೀಟಿನ ದಪ್ಪವೇ ಒಂದು ತೋಟದಷ್ಟು. ಅದರಿಂದ ಊರಿನ ಜಾಗ ಹಿಡಿಯುತ್ತೇವೆಂದು ಹೊರಟರೆ ಇಡೀ ದಿನ ಬೇರೆ ಹೊಲದಲ್ಲಿ ಅಲೆಯುತ್ತೀರಿ.

ನಕ್ಷೆಯಲ್ಲಿ ಏನನ್ನು ನೋಡಬೇಕು

ಟೋಪೋಶೀಟಿನ ಕೆಳ ಅಂಚಿನ ಸಂಕೇತಗಳ ಪಟ್ಟಿಯನ್ನು ಮೊದಲು ಪೂರ್ತಿ ಓದಿ. ಜನವಸತಿ ಇರುವ ಊರು, ಪಾಳುಬಿದ್ದ ಊರು ಎರಡಕ್ಕೂ ಬೇರೆ ಗುರುತಿದೆ. ಪುರಾತನ ಅವಶೇಷಕ್ಕೆ, ಕೋಟೆಗೆ, ಗುಡಿಗೆ, ಗೋರಿಗೆ ಬೇರೆ ಬೇರೆ. ಕಲ್ಲು ಕಟ್ಟಿದ ಬಾವಿ, ಕಟ್ಟದ ಬಾವಿ ಬೇರೆ. ಕೆರೆ ಏರಿಯ ಪಕ್ಕ ಅಂಕಿಯ ಜೊತೆ ‘ಆರ್’ ಅಕ್ಷರ ಇದ್ದರೆ ಅದು ಸುತ್ತಲ ನೆಲದಿಂದ ಏರಿಯ ಎತ್ತರ.

ಆಮೇಲೆ ಒಂಟಿಯಾಗಿ ನಿಂತ ಗುರುತುಗಳನ್ನು ಹುಡುಕಿ. ಯಾವ ಊರಿಗೂ ಅಂಟದೆ ಬಯಲಲ್ಲಿ ನಿಂತ ಗುಡಿ, ಅದರ ಹತ್ತಿರ ಕಲ್ಲು ಕಟ್ಟಿದ ಬಾವಿ, ಅರ್ಧ ಕಿಲೋಮೀಟರಿನೊಳಗೆ ಕೆರೆ ಏರಿ. ಈ ಮೂರೂ ಒಟ್ಟಿಗೆ ಇದ್ದು ಮನೆಗಳಿಲ್ಲದಿದ್ದರೆ ಅಲ್ಲಿ ಊರಿತ್ತೆಂದು ನಂಬಿ ಹೊರಡಬಹುದು. ನಾಲ್ಕು ಕಡೆಯಿಂದ ಬಂದ ಗಾಡಿದಾರಿಗಳು ಏನೂ ಇಲ್ಲದ ಜಾಗದಲ್ಲಿ ಕೂಡಿದರೆ ಅದೂ ದೊಡ್ಡ ಸಾಕ್ಷಿ. ದಾರಿ ಸುಮ್ಮನೆ ಹೊಲದ ನಡುವೆ ಸೇರುವುದಿಲ್ಲ. ಊರೋ, ಸಂತೆಯೋ, ಸುಂಕದ ಕಟ್ಟೆಯೋ ಇತ್ತು.

ಗ್ರಾಮ ನಕ್ಷೆಯಲ್ಲಿ ಮೊದಲು ಗ್ರಾಮಠಾಣ, ಅಂದರೆ ಮನೆಗಳಿದ್ದ ಜಾಗ ಹುಡುಕಿ. ಸುತ್ತಲಿನ ಉದ್ದುದ್ದ ಹೊಲಗಳ ನಡುವೆ ಅಂಕುಡೊಂಕು ಗಡಿಯ ಸಣ್ಣ ತುಂಡು, ಗಾಡಿದಾರಿಗಳೆಲ್ಲ ಅದಕ್ಕೇ ಬಂದು ಮುಟ್ಟುತ್ತವೆ. ಬೇಚರಾಕ್ ಗ್ರಾಮದಲ್ಲಿ ಇದು ಸರ್ವೆ ನಂಬರುಗಳ ಕಂದಾಯ ದಾಖಲೆಯಾದ ಆಕಾರ್‌ಬಂದಿನಲ್ಲಿ ಖರಾಬು (ಸಾಗುವಳಿಗೆ ಬಾರದ ನೆಲ) ಎಂದು ನಮೂದಾಗಿರುವುದು ಸಾಮಾನ್ಯ. ಎರಡನೆಯದು, ಅಕ್ಕಪಕ್ಕದ ಸರ್ವೆ ನಂಬರುಗಳ ಗಾತ್ರ. ಊರ ಹತ್ತಿರದ ಹಿತ್ತಲು, ತೋಟ ಚಿಕ್ಕ ಚಿಕ್ಕ ತುಂಡು. ದೂರ ಹೋದಂತೆ ದೊಡ್ಡವು. ಗ್ರಾಮಠಾಣ ಗುರುತಿಲ್ಲದ ನಕ್ಷೆಯಲ್ಲೂ ತುಂಡುಗಳು ಕಿರಿದಾಗುತ್ತ ಬಂದ ಜಾಗ ನಿಮ್ಮನ್ನು ಊರಿಗೆ ಕರೆದೊಯ್ಯುತ್ತದೆ.

ಒಂದು ಸರ್ವೆ ನಂಬರಿನ ಟಿಪ್ಪಣಿ (ಸರ್ವೆಯ ಮೂಲ ಅಳತೆ ಚಿತ್ರ) ತೆಗೆಸಿದರೆ ಅಳತೆ ಚೈನು, ಆಣೆಗಳಲ್ಲಿರುತ್ತದೆ. ಒಂದು ಚೈನು 33 ಅಡಿ, 16 ಆಣೆ. 5 ಚೈನು 8 ಆಣೆ ಎಂದರೆ 181 ಅಡಿ 6 ಇಂಚು, 55 ಮೀಟರಿಗಿಂತ ಚೂರು ಹೆಚ್ಚು. ಒಂದು ಚೈನಿನ ಚೌಕ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ಗ್ರಾಮ ನಕ್ಷೆಯ ಒಂದಿಂಚು 20 ಚೈನು. ಪಿಡಿಎಫ್ ಅನ್ನು ಎ4 ಹಾಳೆಗೆ ‘ಹೊಂದಿಸಿ’ ಮುದ್ರಿಸಿದರೆ ಈ ಲೆಕ್ಕ ಕೆಡುತ್ತದೆ. ಸ್ಕೇಲಿಟ್ಟು ಅಳೆಯುವ ಮುನ್ನ ಟಿಪ್ಪಣಿಯಲ್ಲಿ ಉದ್ದ ಗೊತ್ತಿರುವ ಒಂದು ಬದಿಗೆ ಹೋಲಿಸಿ ನೋಡಿ.

ಹಳೆ ನಕ್ಷೆಯನ್ನು ಇವತ್ತಿನ ನೆಲಕ್ಕೆ ಕೂರಿಸುವುದು

ಹೆಚ್ಚಿನವರು ಎಡವುವುದು ಇಲ್ಲಿ, ಆದ್ದರಿಂದ ನಿಧಾನ ಮಾಡಿ. ಬೇಕಾದದ್ದು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ, ಅದರೊಳಗಿನ ಜಿಯೋರೆಫರೆನ್ಸರ್, ಅಂದರೆ ನಕ್ಷೆಯ ಚಿತ್ರವನ್ನು ಅಕ್ಷಾಂಶ, ರೇಖಾಂಶಕ್ಕೆ ಕೂರಿಸುವ ಸಾಧನ. ನಕ್ಷೆಯನ್ನು 300 ಡಿಪಿಐ ದರದಲ್ಲಿ ಮಟ್ಟಸದ ಸ್ಕ್ಯಾನರಿನಲ್ಲೇ ಸ್ಕ್ಯಾನ್ ಮಾಡಿಸಿ. ಆ ದರಕ್ಕೆ ಒಂದಿಂಚಿನ ಹಾಳೆಯ ಒಂದು ಚುಕ್ಕೆ ನೆಲದ ಮೇಲೆ 5 ಮೀಟರಿನಷ್ಟು, ನಮಗೆ ಸಾಕು. ಮೊಬೈಲಿನಲ್ಲಿ ತೆಗೆದ ಫೋಟೋ ಬೇಡ. ಲೆನ್ಸು ಅಂಚುಗಳನ್ನು ಬಾಗಿಸುತ್ತದೆ, ಆ ಬಾಗು ಆಮೇಲೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಟೋಪೋಶೀಟಿನಲ್ಲಿ 5 ಮಿನಿಟಿಗೊಂದರಂತೆ ಅಕ್ಷಾಂಶ, ರೇಖಾಂಶದ ಗೆರೆಗಳು ಸೇರುವ ಜಾಗ ಅಂಚೂ ಸೇರಿ 16. ಹದಿನಾರನ್ನೂ ಕಂಟ್ರೋಲ್ ಪಾಯಿಂಟ್, ಅಂದರೆ ಸ್ಥಾನ ಗೊತ್ತಿರುವ ಬಿಂದುಗಳಾಗಿ ಕೊಡಿ. ಆದರೆ ಅವುಗಳನ್ನು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಎಂದು ಕೊಟ್ಟರೆ ಕೆಲಸ ಕೆಟ್ಟಿತು. ಅಕ್ಷಾಂಶ, ರೇಖಾಂಶ ಅಳೆಯಲು ಭೂಮಿಯ ಆಕಾರವನ್ನು ಹೇಗೆ ಹಿಡಿದಿದ್ದಾರೆ ಎಂಬುದೇ ಡೇಟಮ್; ಹಳೆ ಹಾಳೆಗಳು ಎವರೆಸ್ಟ್ ಡೇಟಮ್‌ನವು. ನಮ್ಮ ಸೀಮೆಯಲ್ಲಿ ಎರಡರ ನಡುವಿನ ವ್ಯತ್ಯಾಸ 200 ಮೀಟರಿನ ಆಸುಪಾಸು, ಹಾಳೂರಿನಿಂದ ಪಕ್ಕದ ಕೆರೆಯಂಗಳಕ್ಕೆ ಹೋಗಿ ನಿಲ್ಲಲು ಅಷ್ಟು ಸಾಕು. ಕ್ಯೂಜಿಐಎಸ್‌ನಲ್ಲಿ ಕಾಲಿಯಾನ್‌ಪುರ 1975, ಅಂದರೆ ಇಪಿಎಸ್‌ಜಿ 4146 ಎಂಬ ಸಂಕೇತ ಸಂಖ್ಯೆ ಆರಿಸಿ ಪಾಯಿಂಟ್ ಕೊಡಿ. ಆಮೇಲೆ ಯೋಜನೆಯನ್ನು ಯುಟಿಎಂ ವಲಯ 43 ಉತ್ತರಕ್ಕೆ, ಇಪಿಎಸ್‌ಜಿ 32643ಕ್ಕೆ ಇಡಿ. ಎರಡು ಜಿಲ್ಲೆಯೂ ಪೂರ್ತಿ ಇದೇ ವಲಯದಲ್ಲಿವೆ.

19ನೇ ಶತಮಾನದ ಹಾಳೆಯಾದರೆ ಇನ್ನೊಂದು ತೊಡಕು. ಆಗ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು ತುಸು ಹೆಚ್ಚಾಗಿ ಹಿಡಿದಿದ್ದರು. ಅಂಥ ನಕ್ಷೆಯ ರೇಖಾಂಶದಿಂದ 2 ಮಿನಿಟು 27 ಸೆಕೆಂಡು ಕಳೆಯಬೇಕು. ನಮ್ಮ ಅಕ್ಷಾಂಶದಲ್ಲಿ ಅದು ಸುಮಾರು 4.4 ಕಿಲೋಮೀಟರ್. ಅಂಚಿನಲ್ಲಿ ಈ ತಿದ್ದುಪಡಿಯ ಸೂಚನೆ ಇದೆಯೇ ಎಂದು ಓದಿ. ಕೂರಿಸಿದ ಮೇಲೆ ಊರುಗಳೆಲ್ಲ ಒಂದೇ ಸಮನೆ ಪೂರ್ವಕ್ಕೆ ನಾಲ್ಕೂವರೆ ಕಿಲೋಮೀಟರ್ ಸರಿದು ಕಂಡರೆ ಕಾರಣ ಇದೇ.

ಕೂರಿಸಿದ್ದು ಸರಿಯೇ ಎಂದು ಪರೀಕ್ಷಿಸಲು ಅಲುಗಾಡದ ಗುರುತುಗಳು ಬೇಕು: ಹಳೆ ಗುಡಿ, ಕೆರೆ ಏರಿಯ ತುದಿ, ತೂಬು, ಬೆಟ್ಟದ ನೆತ್ತಿ, ರೈಲುಹಳಿ ದಾರಿಯನ್ನು ದಾಟುವ ಜಾಗ. ಹಳ್ಳಗಳು ಸೇರುವ ಜಾಗ, ಕೆರೆ ನೀರಿನ ಅಂಚು, ರಸ್ತೆ ತಿರುವು ಇವುಗಳನ್ನು ನಂಬಬೇಡಿ. ಹಳ್ಳ ದಿಕ್ಕು ಬದಲಿಸುತ್ತದೆ, ನೀರಿನ ಅಂಚು ಮಳೆಗಾಲಕ್ಕೊಂದು ಬೇಸಿಗೆಗೊಂದು, ರಸ್ತೆಯನ್ನು ಲೋಕೋಪಯೋಗಿ ಇಲಾಖೆ ನೇರ ಮಾಡಿರುತ್ತದೆ.

ಗ್ರಾಮ ನಕ್ಷೆಗೆ ಅಕ್ಷಾಂಶ, ರೇಖಾಂಶ ಇಲ್ಲ. ಮೂರು ಗ್ರಾಮಗಳ ಗಡಿ ಕೂಡುವಲ್ಲಿನ ಕಲ್ಲು, ಕೆರೆ ಏರಿ, ಗುಡಿ ಹೀಗೆ ಉಪಗ್ರಹ ಚಿತ್ರದಲ್ಲಿ ಕಾಣುವ 6ರಿಂದ 8 ಜಾಗ ಆರಿಸಿ, ನಕ್ಷೆಯ ನಾಲ್ಕೂ ಮೂಲೆಗೆ ಹರಡಿರಲಿ. ಪಾಲಿನೋಮಿಯಲ್ 1 ವಿಧಾನ ಆರಿಸಿ. ಅದಕ್ಕೆ ಕನಿಷ್ಠ 3 ಪಾಯಿಂಟ್ ಸಾಕಾದರೂ ಹೆಚ್ಚು ಕೊಟ್ಟರೆ ಮಾತ್ರ ತಪ್ಪಿದ ಪಾಯಿಂಟು ಎದ್ದು ಕಾಣುತ್ತದೆ. ಥಿನ್ ಪ್ಲೇಟ್ ಸ್ಪ್ಲೈನ್ ಬಳಸಬೇಡಿ. ಅದು ಪ್ರತಿ ಪಾಯಿಂಟಿಗೂ ನಕ್ಷೆಯನ್ನು ಎಳೆದು ಕೂರಿಸುವುದರಿಂದ ದೋಷ ಸೊನ್ನೆ ಎಂದು ತೋರಿಸುತ್ತದೆ, ನಡುವಿನ ಹೊಲಗಳು ತಿರುಚಿಕೊಂಡಿರುತ್ತವೆ. ಕೂರಿಸಿದ ಮೇಲೂ ಪಾಯಿಂಟುಗಳಲ್ಲಿ ಉಳಿಯುವ ದೋಷ ಗ್ರಾಮ ನಕ್ಷೆಗೆ 15 ಮೀಟರಿನೊಳಗೆ, ಒಂದಿಂಚಿನ ಹಾಳೆಗೆ 60 ಮೀಟರಿನೊಳಗೆ ಬಂದರೆ ಹೊರಡಬಹುದು. ಒಂದೇ ಪಾಯಿಂಟಿನ ದೋಷ ಮಿಕ್ಕವುಗಳ ಮೂರು ಪಟ್ಟು ಇದ್ದರೆ ನೀವು ತಪ್ಪು ಗುಡಿ ಹಿಡಿದಿದ್ದೀರಿ.

ಇಷ್ಟೆಲ್ಲ ಬೇಡವೆಂದರೆ ಮೊಬೈಲಿನ ದಿಶಾಂಕ್ ಆ್ಯಪ್ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬಹಳ ಅನುಕೂಲದ್ದು. ಆದರೆ ಅದರ ಗೆರೆ ಕೆಲವು ಊರುಗಳಲ್ಲಿ ಹತ್ತಾರು ಮೀಟರ್ ಜಾರಿರಬಹುದು. ಗಡಿ ತಕರಾರಿಗೆ ಸಾಕ್ಷಿ ಮಾಡಿಕೊಳ್ಳಬೇಡಿ, ದಿಕ್ಕು ತೋರಿಸಲು ಮಾತ್ರ ಇಟ್ಟುಕೊಳ್ಳಿ.

ಕೊನೆಯ ಪದರ ಕರೋನಾ ಉಪಗ್ರಹದ ಚಿತ್ರಗಳು. 1960ರಿಂದ 1972ರವರೆಗೆ ಅಮೆರಿಕದ ಬೇಹುಗಾರಿಕೆ ಉಪಗ್ರಹಗಳು ತೆಗೆದ ಇವು ಅಲ್ಲಿನ ಭೂಸರ್ವೆ ಸಂಸ್ಥೆಯಾದ ಯುಎಸ್‌ಜಿಎಸ್‌ನ ಅರ್ಥ್ ಎಕ್ಸ್‌ಪ್ಲೋರರ್‌ನಲ್ಲಿವೆ. ಯಾರಾದರೂ ಈಗಾಗಲೇ ಸ್ಕ್ಯಾನ್ ಮಾಡಿಸಿದ ಚಿತ್ರ ಉಚಿತ, ಇಲ್ಲದಿದ್ದರೆ ಫ್ರೇಮಿಗೆ 30 ಡಾಲರ್. ಒಳ್ಳೆಯ ಫ್ರೇಮಿನಲ್ಲಿ ಸುಮಾರು 2 ಮೀಟರಿನಷ್ಟು ಚಿಕ್ಕ ವಸ್ತುವೂ ಕಾಣುತ್ತದೆ. ಬೋರ್‌ವೆಲ್ ತೋಟಗಳು ಹಬ್ಬುವ ಮುಂಚಿನ ಬೋಳು ಹೊಲಗಳಲ್ಲಿ ಕೋಟೆಯ ಅಗಳು, ಹಳೆ ಗಾಡಿದಾರಿಯ ತಗ್ಗು, ಬೂದಿ ಮಣ್ಣಿನ ತೇಪೆ ಎದ್ದು ಕಾಣುತ್ತವೆ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ತೆಂಗಿನ ತೋಟಗಳ ಕೆಳಗೆ ಮರೆಯಾದದ್ದನ್ನು ನೋಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಮುಳುಗಿದ ಊರುಗಳ ಲೆಕ್ಕ

ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿದದ್ದು 1979ರಲ್ಲಿ. ಜಲಾಶಯದ ಪೂರ್ಣಮಟ್ಟ ಸಮುದ್ರಮಟ್ಟದಿಂದ 2,922 ಅಡಿ. ಹಳೆ ಒಂದಿಂಚಿನ ಹಾಳೆಯಲ್ಲಿ ಕಾಂಟೂರ್ (ಸಮ ಎತ್ತರದ) ಗೆರೆ 50 ಅಡಿಗೊಂದು. 2,900ರ ಗೆರೆಯನ್ನು ಹಿಡಿದು ಕೆಂಪು ಪೆನ್ಸಿಲ್ ಎಳೆಯುತ್ತ ಹೋಗಿ. ಅದರೊಳಗೆ ಬಿದ್ದ ಊರೆಲ್ಲ ಮುಳುಗಿದವು. 2,900ಕ್ಕೂ 2,950ಕ್ಕೂ ನಡುವೆ ಇರುವವನ್ನು ಒಂದೊಂದಾಗಿ ನೋಡಬೇಕು, ಬೇಸಿಗೆಯಲ್ಲಿ ಹೊರಬರುವ ಜಾಗಗಳು ಅಲ್ಲೇ ಹೆಚ್ಚು. 1860ರ ದಶಕದ ಶೆಟ್ಟಿಹಳ್ಳಿ ಚರ್ಚು ನೀರಿಳಿದಾಗ ಮೇಲೆದ್ದು ನಿಲ್ಲುವುದು ಎಲ್ಲರಿಗೂ ಗೊತ್ತು. ಅದನ್ನೇ ಕಂಟ್ರೋಲ್ ಪಾಯಿಂಟ್ ಮಾಡಿಕೊಂಡರೆ ನಕ್ಷೆ ಕೂರಿಸುವುದು ಸಲೀಸು. ಲಕ್ಕವಳ್ಳಿಯ ಭದ್ರಾ ಜಲಾಶಯಕ್ಕೂ ಇದೇ ಕ್ರಮ. ಆ ಕಡೆಯ ಹಳೆ ಹಾಳೆಯಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದ್ದ ಕಿರುಗೇಜಿನ ಟ್ರಾಂ ಹಳಿಯ ಗೆರೆ ಸಿಕ್ಕರೆ ಅದನ್ನು ಹಿಂಬಾಲಿಸಿ. ನಿಲ್ದಾಣವಿದ್ದ ಕಡೆ ಊರು, ಸಂತೆ ಇರುತ್ತಿತ್ತು.

ನೀರಿಳಿದ ಕೆಸರಿನ ಮೇಲೆ ನಡೆಯುವುದು ಅಪಾಯ. ಮೇಲೆ ಬಿರುಕು ಬಿಟ್ಟ ಒಣ ಪದರ ಕಂಡರೂ ಅಡಿಯಲ್ಲಿ ಮೊಣಕಾಲುದ್ದ ರೊಚ್ಚೆ ಇರಬಹುದು. ದನ ನಡೆದ ಹೆಜ್ಜೆ ಇರುವಲ್ಲಿ ಮಾತ್ರ ಕಾಲಿಡಿ.

ನೆಲದ ಮೇಲೆ

ಬಯಲುಸೀಮೆಗೆ ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್. ರಾಗಿ ಕೊಯ್ದು, ಮಾಗಿ ಉಳುಮೆಯಾದ ಹೊಲದ ಮೇಲೆ ಒಂದು ಮಳೆ ಬಿದ್ದ ಮಾರನೆ ದಿನವಂತೂ ಅಪ್ಪಟ. ದೂಳು ತೊಳೆದು ಹೋಗಿ ಮಡಕೆ ಓಡುಗಳೆಲ್ಲ ಬಣ್ಣ ಸಮೇತ ಕಾಣುತ್ತವೆ. ಬೆಳಗಿನ ಓರೆ ಬಿಸಿಲಲ್ಲಿ ನಡೆಯಿರಿ. ನೆಲದ ಏರುತಗ್ಗು ನೆರಳಿನಲ್ಲಿ ತಿಳಿಯುತ್ತದೆ, ನಡುಮಧ್ಯಾಹ್ನ ಏನೂ ತಿಳಿಯದು.

ಹೊಲದೊಡೆಯರನ್ನು ಮೊದಲು ಕಾಣಿ. ‘ಹಳೇ ಕಾಲದ್ದು ಏನಾದ್ರೂ ಸಿಕ್ಕೈತಾ?’ ಎಂದು ಕೇಳಿದರೆ ನಿಧಿಗಳ್ಳರೆಂದೇ ತಿಳಿಯುತ್ತಾರೆ. ‘ಯಜಮಾನ್ರೇ, ಈ ಹಾಳೂರಿನ ದೇವ್ರು ಯಾವ್ದು? ಒಕ್ಕಲು ಈಗ ಯಾವೂರಲ್ಲವ್ರೆ?’ ಎಂದು ಕೇಳಿ. ಊರು ಬಿಟ್ಟವರು ದೇವರನ್ನು ಬಿಡುವುದಿಲ್ಲ. ವರ್ಷಕ್ಕೊಮ್ಮೆ ಪೂಜೆಗೆ ಬರುವ ಮನೆತನ ಎಲ್ಲಿದೆ ಎಂದು ಗೊತ್ತಾದರೆ ಹಾಳೂರಿನ ಹೆಸರು, ಜಾಗ, ಕಾರಣ ಮೂರೂ ಒಂದೇ ಜಗಲಿಯಲ್ಲಿ ಸಿಗುತ್ತವೆ. ಕುರಿ ಮೇಯಿಸುವವರನ್ನು ತಪ್ಪದೆ ಕೇಳಿ. ಸಂತೆಮಾಳ, ಕೋಟೆಮಾಳ, ಬೂದಿದಿಬ್ಬ, ಕುಂಬಾರಗುಂಡಿ ಎಂಬ ಹೊಲದ ಹೆಸರುಗಳು ಅವರ ಬಾಯಲ್ಲಿ ಉಳಿದಿವೆ, ಯಾವ ನಕ್ಷೆಯಲ್ಲೂ ಇಲ್ಲ.

ಗುರುತಿಸಿದ ಜಾಗವನ್ನು 10 ಮೀಟರ್ ಅಂತರದ ಸಾಲುಗಳಲ್ಲಿ ನಡೆದು ನೋಡಿ. ಮಣ್ಣು ಸುತ್ತಲಿಗಿಂತ ಬೂದು ಬಣ್ಣಕ್ಕೆ, ಮೆತ್ತಗೆ ತಿರುಗಿದ್ದರೆ ನೂರಾರು ವರ್ಷದ ಒಲೆಬೂದಿ, ಸಗಣಿ ಸೇರಿದ ಊರಮಣ್ಣು ಅದು. ಮಡಕೆ ಓಡು, ಹೆಂಚಿನ ಚೂರು, ಒಡೆದ ಒರಳು, ಬೀಸುಕಲ್ಲು, ಗಾಣದ ಕಲ್ಲು, ಹಗೇವಿನ ಕುಸಿತ, ಕಬ್ಬಿಣದ ಕಿಟ್ಟ, ಕರುಗಲ್ಲು, ಅರಳಿಕಟ್ಟೆಯ ನಾಗರಕಲ್ಲು, ಊರಬಾಗಿಲಿದ್ದ ಕಡೆ ವೀರಗಲ್ಲು, ಮಾಸ್ತಿಕಲ್ಲು. ಓಡುಗಳು ಎಲ್ಲಿ ಶುರುವಾಗಿ ಎಲ್ಲಿ ತೆಳುವಾದವು ಎಂದು ಗುರುತು ಮಾಡಿಕೊಂಡರೆ ಊರಿನ ಹರವು ಸಿಕ್ಕಿತು. ಒಂದು ಎಚ್ಚರಿಕೆ: ತಿಪ್ಪೆ ಗೊಬ್ಬರದ ಜೊತೆ ಓಡುಗಳು ದೂರದ ಹೊಲಕ್ಕೂ ಹೋಗಿರುತ್ತವೆ, ಕೆರೆಗೋಡು ಹೊಡೆದ ಹೊಲದಲ್ಲೂ ಇರುತ್ತವೆ. ಚದುರಿದ ನಾಲ್ಕು ಓಡು ಊರಲ್ಲ; ಬೂದುಮಣ್ಣು, ಒರಳುಕಲ್ಲು ಜೊತೆಗಿರಬೇಕು.

ಮಲೆನಾಡಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದಲ್ಲಿ ಊರೆಂದರೆ ಒತ್ತಾದ ಕೇರಿಯಲ್ಲ, ಗದ್ದೆಬಯಲಿನ ಅಂಚಿಗೆ ದೂರ ದೂರ ಇದ್ದ ಒಂಟಿ ಮನೆಗಳು. ಅಲ್ಲಿ ಗ್ರಾಮಠಾಣ ಹುಡುಕುವ ಬದಲು ಹಡ್ಲು (ಸಾಗುವಳಿಯಿಲ್ಲದೆ ಪಾಳು) ಬಿದ್ದ ಗದ್ದೆಗಳ ಸಾಲನ್ನು ಹಿಡಿದು ಮೇಲಕ್ಕೆ ಹೋಗಿ. ಗದ್ದೆಯ ತಲೆಯಲ್ಲಿ ಸಮತಟ್ಟು ಮಾಡಿದ ಜಾಗ, ಅದರ ಹಿಂದೆ ದರೆ ಕಡಿದ ಗೋಡೆ, ಕಲ್ಲು ಕಟ್ಟಿದ ಬಾವಿ, ಕಾಡಿನ ನಡುವೆ ಒಂದೆರಡು ಹಲಸು, ಬೈನೆ ಇದ್ದರೆ ಅದು ಮನೆಯಡಿ. ಕಾಫಿ ತೋಟದ ತರಗೆಲೆಯಡಿ ಓಡು ಕಾಣುವುದಿಲ್ಲ, ಹೊಸ ಗಿಡಕ್ಕೆ ಗುಂಡಿ ತೆಗೆದಾಗಲೇ ನೋಡಬೇಕು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯಲ್ಲಿ ಆನೆ ಓಡಾಟ ಎಲ್ಲಿದೆ ಎಂದು ತೋಟದ ರೈಟರನ್ನೋ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯನ್ನೋ ಕೇಳದೆ ಹೊರಡಬೇಡಿ. ಒಬ್ಬರೇ ಹೋಗಬೇಡಿ, ಸಂಜೆ 4ರ ಒಳಗೆ ಹೊರಬನ್ನಿ.

ಡಿಟೆಕ್ಟರ್ ಎಲ್ಲಿ

ಹಾಳೂರಿನಲ್ಲಿ ಅದನ್ನು ಆಡಿಸಬೇಡಿ. ಸದ್ದು ಬಂದ ಮೇಲೆ ಅಗೆಯದೆ ಇರುವುದು ಕಷ್ಟ, ಅಗೆದರೆ ಅಪರಾಧ. ಅದಕ್ಕೆ ಕೆಲಸ ಇರುವುದು ಸ್ವಂತ ಹೊಲ, ತೋಟದಲ್ಲಿ ಇತ್ತೀಚೆಗೆ ಕಳೆದದ್ದನ್ನು ಹುಡುಕಲು: ಕಳೆ ಕೀಳುವಾಗ ಜಾರಿದ ಉಂಗುರ, ಉಳುಮೆಯಲ್ಲಿ ಕಳಚಿದ ಗುಳ, ಮಣ್ಣಲ್ಲಿ ಮುಚ್ಚಿಹೋದ ಕಬ್ಬಿಣದ ಪೈಪು, ಕೊಯ್ಯುವ ಮುನ್ನ ದಿಮ್ಮಿಯೊಳಗಿನ ಮೊಳೆ. ಸಾಮಾನ್ಯ ವಿಎಲ್‌ಎಫ್ ಯಂತ್ರ ನಾಣ್ಯದಷ್ಟು ವಸ್ತುವನ್ನು 15ರಿಂದ 25 ಸೆಂಟಿಮೀಟರ್ ಆಳದವರೆಗೆ ಹಿಡಿಯುತ್ತದೆ. ನಮ್ಮ ಕೆಮ್ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಬಾಬಾಬುಡನ್ ಗಿರಿಯ ಸುತ್ತ ನೆಲವೇ ಅದಿರು. ಅಲ್ಲಿ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆ. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ (ಆ ನೆಲಕ್ಕೆ ಯಂತ್ರದ ಹೊಂದಾಣಿಕೆ) ಸರಿಪಡಿಸಿ, ಸೆನ್ಸಿಟಿವಿಟಿ ಇಳಿಸಿ. ಆಳ ಕಡಿಮೆಯಾದರೂ ಸುಳ್ಳು ಸದ್ದು ನಿಲ್ಲುತ್ತದೆ.

ದಾಖಲಿಸುವುದು

ಪ್ರತಿ ಜಾಗಕ್ಕೂ ಒಂದು ಪುಟ: ಗ್ರಾಮ, ಹೋಬಳಿ, ಸರ್ವೆ ನಂಬರ್, ಅಕ್ಷಾಂಶ ಮತ್ತು ರೇಖಾಂಶ ದಶಮಾಂಶದಲ್ಲಿ ಐದು ಸ್ಥಾನದವರೆಗೆ, ಯಾವ ನಕ್ಷೆಯ ಯಾವ ಗುರುತು, ಊರಿನ ಹರವು, ಹೇಳಿದವರ ಊರು. ಕಲ್ಲಿನ ಫೋಟೋದಲ್ಲಿ ಪಕ್ಕಕ್ಕೊಂದು ಅಳತೆಪಟ್ಟಿ ಇರಲಿ, ಒಂದು ಫೋಟೋ ಹತ್ತಿರದಿಂದ, ಒಂದು ಸುತ್ತಲಿನ ಹೊಲ ಕಾಣುವ ಹಾಗೆ. ಶಾಸನದ ಮೇಲೆ ಸುಣ್ಣ, ಅರಿಸಿನ, ಸೀಮೆಸುಣ್ಣ ತಿಕ್ಕಬೇಡಿ. ಇಳಿಸಂಜೆಯ ಓರೆ ಬೆಳಕು ಅಥವಾ ಪಕ್ಕದಿಂದ ಹಿಡಿದ ಟಾರ್ಚು ಅಕ್ಷರಗಳನ್ನು ಎಬ್ಬಿಸುತ್ತದೆ. ಓಡು ಎತ್ತಿಕೊಳ್ಳಬೇಡಿ, ಕಲ್ಲು ಕದಲಿಸಬೇಡಿ. ಎಪಿಗ್ರಾಫಿಯಾದಲ್ಲಿಲ್ಲದ ಶಾಸನ, ಬಿದ್ದ ವೀರಗಲ್ಲು ಕಂಡರೆ ಮೈಸೂರಿನ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಪತ್ರ ಬರೆದು, ಪ್ರತಿಯನ್ನು ತಹಶೀಲ್ದಾರರಿಗೂ ಗ್ರಾಮ ಪಂಚಾಯಿತಿಗೂ ಕೊಡಿ. ಉಳುವಾಗ ನಾಣ್ಯವೋ ತಾಮ್ರದ ಪಾತ್ರೆಯೋ ಮೇಲೆದ್ದರೆ ಉಳುಮೆ ನಿಲ್ಲಿಸಿ, ಇದ್ದಲ್ಲೇ ಫೋಟೋ ತೆಗೆದು, ಮೇಲೊಂದು ಗೋಣಿ ಮುಚ್ಚಿ, ಅವತ್ತೇ ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆದುಕೊಳ್ಳಿ. ನಿಖರ ಸ್ಥಳದ ವಿವರವನ್ನು ಫೇಸ್‌ಬುಕ್ಕಿಗೆ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಹಾಳೂರಿನ ಹೆಸರು, ಕಥೆ ಹಂಚಿಕೊಳ್ಳಿ. ಸರ್ವೆ ನಂಬರು ಇಲಾಖೆಯ ಪತ್ರದಲ್ಲಿ ಮಾತ್ರ ಇರಲಿ.